ಚಿನ್ನದ ತಗಡು ಇಲ್ಲ, ಪ್ಯಾಪಿರಸ್ ಇದೆ: ಮಾರ್ಮನ್ ಗ್ರಂಥಗಳ ಮೂಲದ ತಕರಾರು

ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದ್ದ ರಸೆಲ್ ನೆಲ್ಸನ್ 2025ರ ಸೆಪ್ಟೆಂಬರ್ 27ರಂದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ತೀರಿಕೊಂಡರು. ಅವರಿಗೆ 101 ವರ್ಷವಾಗಿತ್ತು. ಸುದ್ದಿಯಲ್ಲಿ ಅವರನ್ನು ಕರೆದದ್ದು ವೈದ್ಯರೆಂದಲ್ಲ, 'ಪ್ರವಾದಿ' ಎಂದು. ಅಕ್ಟೋಬರ್‌ನಲ್ಲಿ ಅವರ ಜಾಗಕ್ಕೆ ಬಂದ ಡಾಲಿನ್ ಓಕ್ಸ್ ಹಿಂದೆ ಯೂಟಾ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ. ಈಗ ಅವರೂ ಪ್ರವಾದಿ. ಇಬ್ಬರೂ ಲೇಟರ್-ಡೇ ಸೇಂಟ್ಸ್ ಚರ್ಚಿನ ಅಧ್ಯಕ್ಷರು. ಆ ಚರ್ಚಿನವರನ್ನು ಲೋಕ ಮಾರ್ಮನ್ನರೆಂದು ಗುರುತಿಸುತ್ತದೆ. ಆ ಅಡ್ಡಹೆಸರಿನ ಬಳಕೆ ಸೈತಾನನಿಗೆ ಸಿಕ್ಕ ಗೆಲುವು ಎಂದು ನೆಲ್ಸನ್ 2018ರಲ್ಲಿ ಗದರಿದ್ದರು. ಓದುಗರಿಗೆ ಪರಿಚಿತವಾದ ಪದ ಅದೇ ಆದ್ದರಿಂದ ಇಲ್ಲಿಯೂ ಅದನ್ನೇ ಬಳಸಲಾಗಿದೆ.

ಬೆಂಗಳೂರಿನವರಿಗೆ ಈ ಹೆಸರು ಪೂರ್ತಿ ಹೊಸದೇನಲ್ಲ. ಭಾರತದ ಮೊದಲ ಮಾರ್ಮನ್ ದೇವಾಲಯ ಬೆಂಗಳೂರಿನಲ್ಲಿ ಬರಲಿದೆ ಎಂದು 2018ರ ಏಪ್ರಿಲ್‌ನಲ್ಲಿ ಘೋಷಿಸಿದವರು ಇದೇ ನೆಲ್ಸನ್. 2020ರ ಡಿಸೆಂಬರ್‌ನಲ್ಲಿ ಕಟ್ಟಡಕ್ಕೆ ಗುದ್ದಲಿ ಬಿತ್ತು. ಇವರು ಕ್ರೈಸ್ತರೇ? ಹಾಗಿದ್ದರೆ ಬೈಬಲ್ಲಿನ ಪಕ್ಕದಲ್ಲಿ ಇನ್ನೂ ಮೂರು ಗ್ರಂಥಗಳು ಏಕೆ? ಅವು ಎಲ್ಲಿಂದ ಬಂದವು? ಮೊದಲ ಪ್ರಶ್ನೆ ದೇವತಾಶಾಸ್ತ್ರದ್ದು, ಅದನ್ನು ಅವರವರಿಗೇ ಬಿಡೋಣ. ಕೊನೆಯದು ಇತಿಹಾಸದ ಪ್ರಶ್ನೆ. ಅದಕ್ಕೆ ದಾಖಲೆಗಳಿವೆ.

ಟೋಪಿಯೊಳಗಿನ ಕಲ್ಲು

ಈ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ 1805ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಹುಟ್ಟಿ, ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಊರಿನ ಬಳಿ ಬೆಳೆದ ಬಡ ರೈತರ ಮಗ. ಮೊರೊನಿ ಎಂಬ ದೇವದೂತ 1823ರಲ್ಲಿ ತಮಗೆ ಕಾಣಿಸಿಕೊಂಡ, ಮನೆಯ ಹತ್ತಿರದ ಗುಡ್ಡದಲ್ಲಿ ಹೂತಿಟ್ಟಿದ್ದ ಚಿನ್ನದ ತಗಡುಗಳ ಸುಳಿವು ಕೊಟ್ಟ, 1827ರಲ್ಲಿ ಅವು ಕೈಗೆ ಬಂದವು ಎಂಬುದು ಸ್ಮಿತ್ ಹೇಳಿಕೆ. ತಗಡುಗಳ ಮೇಲಿದ್ದದ್ದು 'ಸುಧಾರಿತ ಈಜಿಪ್ಟ್' ಲಿಪಿ. ಅದನ್ನು ಇಂಗ್ಲಿಷಿಗೆ ತಂದದ್ದೇ ಬುಕ್ ಆಫ್ ಮಾರ್ಮನ್. 1830ರ ಮಾರ್ಚ್‌ನಲ್ಲಿ ಪಾಲ್ಮೈರಾದ ಮುದ್ರಣಾಲಯದಲ್ಲಿ ಅದರ 5,000 ಪ್ರತಿಗಳು ಅಚ್ಚಾದವು. ಖರ್ಚಿಗಾಗಿ ಮಾರ್ಟಿನ್ ಹ್ಯಾರಿಸ್ ಎಂಬ ಅನುಯಾಯಿ ತನ್ನ ಜಮೀನನ್ನು ಅಡವಿಟ್ಟರು. ಕೆಲಸ ಮುಗಿದ ಮೇಲೆ ತಗಡುಗಳನ್ನು ದೇವದೂತ ವಾಪಸು ಒಯ್ದ.

ಚರ್ಚಿನ ಪುಸ್ತಕಗಳಲ್ಲಿ ಬಹುಕಾಲ ಅಚ್ಚಾದ ಚಿತ್ರವೆಂದರೆ ಮೇಜಿನ ಮೇಲೆ ತಗಡುಗಳನ್ನು ಹರವಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿರುವ ಸ್ಮಿತ್. ಕಣ್ಣಾರೆ ಕಂಡವರ ಹೇಳಿಕೆ ಬೇರೆಯೇ ಇದೆ. ಹೆಂಡತಿ ಎಮ್ಮಾ ಸೇರಿದಂತೆ ಹಲವರು ಹೇಳಿದ ಪ್ರಕಾರ, ಸ್ಮಿತ್ ಒಂದು ಕಲ್ಲನ್ನು ಟೋಪಿಯೊಳಗೆ ಹಾಕಿ, ಬೆಳಕು ನುಸುಳದಂತೆ ಮುಖವನ್ನು ಅದರಲ್ಲಿ ಹುದುಗಿಸಿ, ಒಂದೊಂದೇ ವಾಕ್ಯ ಹೇಳಿ ಬರೆಸುತ್ತಿದ್ದರು. ತಗಡುಗಳು ಆಗ ಬಟ್ಟೆಯಲ್ಲಿ ಸುತ್ತಿ ಬದಿಗಿರುತ್ತಿದ್ದವು. ಕೋಳಿಮೊಟ್ಟೆ ಗಾತ್ರದ, ಚಾಕೊಲೇಟ್ ಬಣ್ಣದ ಆ ಕಲ್ಲಿನ ಛಾಯಾಚಿತ್ರವನ್ನು ಚರ್ಚೇ 2015ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಭಕ್ತರಲ್ಲಿ ಅನೇಕರು ಬೆಚ್ಚಿಬಿದ್ದದ್ದು ಆಗಲೇ.

ಸಂಶಯವಾದಿಗಳ ಮೊದಲ ಆಕ್ಷೇಪ ಹುಟ್ಟುವುದು ಈ ಕಲ್ಲಿನಿಂದ. ಕಲ್ಲು ಸಿಕ್ಕಿದ್ದು ನೆರೆಯವರ ಬಾವಿ ತೋಡುವಾಗ, ತಗಡುಗಳ ಕಥೆಗಿಂತ ಮುಂಚೆ. ಇಂಥ ಕಲ್ಲಿನ ಮೂಲಕ ಭೂಮಿಯೊಳಗಿನ ನಿಧಿ ಕಾಣುತ್ತದೆಂದು ನಂಬಿ ಕೂಲಿ ಕೊಡುವವರು ಆ ಸೀಮೆಯಲ್ಲಿದ್ದರು, ಸ್ಮಿತ್ ಆ ಕೆಲಸ ಮಾಡುತ್ತಿದ್ದರು. ಅದೇ ಕಾರಣಕ್ಕೆ 1826ರಲ್ಲಿ ಬೇನ್‌ಬ್ರಿಜ್ ಎಂಬಲ್ಲಿ ನ್ಯಾಯಾಧೀಶರ ಮುಂದೆ ನಿಲ್ಲಬೇಕಾಯಿತು. ನಿಧಿ ಶೋಧಕ್ಕೆ ಬಳಸಿದ ವಿಧಾನವೇ ಗ್ರಂಥಕ್ಕೂ ಬಂದಿತು ಎಂಬುದು ಸಂಶಯವಾದಿಗಳ ವಾದ. ಜನರಿಗೆ ಗೊತ್ತಿದ್ದ ಸಾಧನವನ್ನೇ ದೇವರು ಬಳಸಿದನು ಎಂಬುದು ಚರ್ಚಿನ ಉತ್ತರ. ತಗಡುಗಳು ಇಲ್ಲದೆ ಈ ವಾದವನ್ನು ಯಾರೂ ಗೆಲ್ಲಲಾರರು.

ಪುಸ್ತಕದೊಳಗಿನ ಕುದುರೆಗಳು

ತಗಡು ಇಲ್ಲದಿದ್ದರೇನು, ಪುಸ್ತಕ ಇದೆಯಲ್ಲ. ಕ್ರಿಸ್ತಪೂರ್ವ 600ರ ಹೊತ್ತಿಗೆ ಜೆರುಸಲೇಮಿನಿಂದ ಹೊರಟ ಒಂದು ಕುಟುಂಬ ಹಡಗು ಕಟ್ಟಿ ಅಮೆರಿಕ ಖಂಡ ತಲುಪಿ, ದೊಡ್ಡ ಜನಾಂಗಗಳಾಗಿ ಬೆಳೆದು ಕಾದಾಡಿದ ಕಥೆ ಅದು. ಅದರಲ್ಲಿ ಕುದುರೆಗಳಿವೆ, ರಥ, ಉಕ್ಕು, ಗೋಧಿ ಇವೆ. ಅಮೆರಿಕದ ಕುದುರೆಗಳು ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅಳಿದು, ಮತ್ತೆ ಸ್ಪೇನಿನವರ ಹಡಗುಗಳಲ್ಲಿ ಬಂದವು. ಬೈಬಲ್ಲಿನ ಪ್ರವಾದಿ ಯೆಶಾಯನ ಗ್ರಂಥದ ಹಲವು ಅಧ್ಯಾಯಗಳು 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಇಂಗ್ಲಿಷಿನಲ್ಲೇ ಹೆಚ್ಚುಕಡಿಮೆ ಹಾಗೆಹಾಗೆಯೇ ಬರುತ್ತವೆ. ಅವುಗಳಲ್ಲಿ ಕೆಲವು, ಬೈಬಲ್ ವಿದ್ವಾಂಸರ ಪ್ರಕಾರ, ಆ ಕುಟುಂಬ ಊರು ಬಿಟ್ಟ ಮೇಲೆ ರಚನೆಯಾದವು. ಅಮೆರಿಕದ ಮೂಲನಿವಾಸಿಗಳ ವಂಶವಾಹಿ ಏಷ್ಯಾದ ಕಡೆಗೆ ಕೈ ತೋರಿಸುತ್ತದೆ. ಗ್ರಂಥದ ಪೀಠಿಕೆಯಲ್ಲಿ ಈ ಕುಟುಂಬದ ಸಂತತಿಯವರು ಮೂಲನಿವಾಸಿಗಳ 'ಮುಖ್ಯ ಪೂರ್ವಜರು' ಎಂದಿದ್ದದ್ದನ್ನು 2006ರ ನಂತರ 'ಪೂರ್ವಜರಲ್ಲಿ ಸೇರಿದವರು' ಎಂದು ತಿದ್ದಲಾಯಿತು.

ಹಾಗೆಂದು ಸಂಶಯವಾದಿಗಳ ಪಕ್ಷವೂ ಎಡವದೆ ಇಲ್ಲ. ಸಾಲಮನ್ ಸ್ಪಾಲ್ಡಿಂಗ್ ಎಂಬವರ ಅಪ್ರಕಟಿತ ಕಾದಂಬರಿಯನ್ನು ಸ್ಮಿತ್ ಕದ್ದರು ಎಂಬ ಆರೋಪ 1834ರಿಂದ ಐವತ್ತು ವರ್ಷ ಓಡಿತು. 1884ರಲ್ಲಿ ಸ್ಪಾಲ್ಡಿಂಗರ ಒಂದು ಹಸ್ತಪ್ರತಿ ಹೊನೊಲುಲುವಿನಲ್ಲಿ ಸಿಕ್ಕಿ, ಓದಿ ನೋಡಿದರೆ ಎರಡಕ್ಕೂ ತಾಳೆಯೇ ಇಲ್ಲ. ತಗಡು ಕಂಡೆವೆಂದು ಸಹಿ ಹಾಕಿದ ಹನ್ನೊಂದು ಸಾಕ್ಷಿಗಳಲ್ಲಿ ಹಲವರು ಸ್ಮಿತ್ ಜೊತೆ ಜಗಳವಾಡಿ ಚರ್ಚು ಬಿಟ್ಟರೂ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳಲಿಲ್ಲ ಎಂದು ಸಮರ್ಥಕರು ಹೇಳುವುದರಲ್ಲಿ ತೂಕವಿದೆ. ಸರಿಯಾಗಿ ಶಾಲೆಯ ಮುಖ ನೋಡದ 23ರ ಯುವಕ ಸುಮಾರು ಮೂರು ತಿಂಗಳಲ್ಲಿ 590 ಪುಟದಷ್ಟು ಪುಸ್ತಕ ಹೇಳಿ ಬರೆಸಿದ್ದೂ ಸಣ್ಣ ಮಾತಲ್ಲ. ಒಂದು ಪಕ್ಷ ಕುದುರೆ ಎಂದರೆ ಇನ್ನೊಂದು ಸಾಕ್ಷಿ ಎನ್ನುತ್ತದೆ, ಮೂಲ ಕೈಯಲ್ಲಿಲ್ಲದ ಕಾರಣ ಮಾತು ಅಲ್ಲಿಗೇ ನಿಲ್ಲುತ್ತದೆ.

ಸ್ಮಿತ್ ಅನುವಾದಿಸಿದ್ದಾಗಿ ಹೇಳಿದ ಇನ್ನೊಂದು ಗ್ರಂಥದ ವಿಷಯದಲ್ಲಿ ಮಾತು ಹಾಗೆ ನಿಲ್ಲುವುದಿಲ್ಲ. ಅದರ ಮೂಲವನ್ನು ಯಾವ ದೇವದೂತನೂ ಒಯ್ಯಲಿಲ್ಲ.

ನಾಲ್ಕು ಮಮ್ಮಿ, 2,400 ಡಾಲರ್

1835ರ ಜುಲೈನಲ್ಲಿ ಮೈಕೆಲ್ ಚಾಂಡ್ಲರ್ ಎಂಬ ಊರೂರು ತಿರುಗುವ ಪ್ರದರ್ಶಕ ಓಹಾಯೋ ರಾಜ್ಯದ ಕರ್ಟ್‌ಲ್ಯಾಂಡಿಗೆ ಈಜಿಪ್ಟಿನ ನಾಲ್ಕು ಮಮ್ಮಿಗಳನ್ನೂ ಪ್ಯಾಪಿರಸ್ (ಜೊಂಡಿನಿಂದ ಮಾಡುತ್ತಿದ್ದ ಪ್ರಾಚೀನ ಕಾಗದ) ಸುರುಳಿಗಳನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದ. ಅವು ಥೀಬ್ಸ್ ಬಳಿಯ ಗೋರಿಗಳಿಂದ ಅಗೆದವು. ಮಾರ್ಮನ್ನರು 2,400 ಡಾಲರ್ ಒಟ್ಟುಗೂಡಿಸಿ ಎಲ್ಲವನ್ನೂ ಕೊಂಡರು. ಆ ಕಾಲಕ್ಕೆ ಅದು ಭಾರೀ ಮೊತ್ತ. ಒಂದು ಸುರುಳಿಯಲ್ಲಿ ಬೈಬಲ್ಲಿನ ಅಬ್ರಹಾಮನ ಬರಹವೂ ಇನ್ನೊಂದರಲ್ಲಿ ಯೋಸೇಫನ ಬರಹವೂ ಇವೆ ಎಂದು ಸ್ಮಿತ್ ಸಾರಿದರು. ಫ್ರಾನ್ಸಿನ ಶಾಂಪೋಲಿಯೋ ಈಜಿಪ್ಟ್ ಲಿಪಿಯನ್ನು ಬಿಡಿಸಿದ್ದು 1822ರಲ್ಲಾದರೂ, ಓಹಾಯೋದ ಹಳ್ಳಿಯಲ್ಲಿ ಅದನ್ನು ಓದಿ ಸರಿ ತಪ್ಪು ಹೇಳುವವರು ಇರಲಿಲ್ಲ.

ಅಬ್ರಹಾಮನ ಗ್ರಂಥ 1842ರಲ್ಲಿ ಪಂಥದ ಪತ್ರಿಕೆಯಲ್ಲಿ ಮೂರು ಚಿತ್ರಗಳೊಂದಿಗೆ ಪ್ರಕಟವಾಯಿತು. ಅಬ್ರಹಾಮನು 'ಸ್ವಹಸ್ತದಿಂದ ಪ್ಯಾಪಿರಸ್ ಮೇಲೆ ಬರೆದದ್ದು' ಎಂದು ಅದರ ತಲೆಬರಹ. 1844ರಲ್ಲಿ ಇಲಿನಾಯ್ ರಾಜ್ಯದ ಜೈಲಿಗೆ ನುಗ್ಗಿದ ಗುಂಪು ಸ್ಮಿತ್‌ರನ್ನು ಗುಂಡಿಟ್ಟು ಕೊಂದಿತು. ತಾಯಿ ಲೂಸಿ ಮಮ್ಮಿಗಳನ್ನು ನೋಡಬಂದವರಿಗೆ ತೋರಿಸುತ್ತಾ ಕಾಲ ತಳ್ಳಿದರು, ಅವರು ತೀರಿದ ಮೇಲೆ 1856ರಲ್ಲಿ ಎಮ್ಮಾ ಸಂಗ್ರಹವನ್ನು ಮಾರಿಬಿಟ್ಟರು. ಒಂದು ಭಾಗ ಷಿಕಾಗೋದ ಮ್ಯೂಸಿಯಂ ಸೇರಿ 1871ರ ಮಹಾಬೆಂಕಿಯಲ್ಲಿ ಸುಟ್ಟುಹೋಯಿತು. ಎಲ್ಲವೂ ಬೂದಿಯಾಯಿತೆಂದೇ ಚರ್ಚು ತಿಳಿದಿತ್ತು. 1880ರಲ್ಲಿ ಗ್ರಂಥವನ್ನು ಅಧಿಕೃತ ಪವಿತ್ರ ಸಾಹಿತ್ಯಕ್ಕೆ ಸೇರಿಸುವಾಗಲೂ ಮೂಲವನ್ನು ಒಮ್ಮೆ ನೋಡೋಣ ಎನ್ನುವ ಅವಕಾಶ ಇರಲಿಲ್ಲ.

1966ರಲ್ಲಿ ಯೂಟಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಜೀಜ್ ಅತಿಯಾ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಒಂದು ಪ್ಯಾಪಿರಸ್ ತುಣುಕು ಕಣ್ಣಿಗೆ ಬಿತ್ತು. ಅಬ್ರಹಾಮನ ಗ್ರಂಥದಲ್ಲಿ ಅಚ್ಚಾದ ಮೊದಲ ಚಿತ್ರದ ಮೂಲ ಅದು. ಜೊತೆಗೆ ಎಮ್ಮಾ ಸಹಿ ಹಾಕಿದ 1856ರ ಮಾರಾಟಪತ್ರ. ತುಣುಕುಗಳನ್ನು ಅಂಟಿಸಿದ್ದ ಕಾಗದವನ್ನು ತಿರುಗಿಸಿದರೆ ಹಿಂಬದಿಯಲ್ಲಿ ಕರ್ಟ್‌ಲ್ಯಾಂಡ್ ಸುತ್ತಲಿನ ನಕ್ಷೆ ಮತ್ತು ದೇವಾಲಯದ ನೀಲಿನಕಾಶೆ. ಇವು ಸ್ಮಿತ್ ಅವರ ಬಳಿಯಿದ್ದ ಪ್ಯಾಪಿರಸ್‌ಗಳೇ ಎಂಬುದರಲ್ಲಿ ಅಂದಿನಿಂದ ಯಾರಿಗೂ ಅನುಮಾನವಿಲ್ಲ. 1967ರ ನವೆಂಬರ್‌ನಲ್ಲಿ ಮ್ಯೂಸಿಯಂ ಹನ್ನೊಂದು ತುಣುಕುಗಳನ್ನು ಚರ್ಚಿಗೆ ಒಪ್ಪಿಸಿತು.

ಪುರೋಹಿತ ಹೋರ್‌ನ ಉಸಿರು

ಈಗ ಓದಬಲ್ಲವರು ಇದ್ದರು. ಷಿಕಾಗೋದ ಜಾನ್ ವಿಲ್ಸನ್, ಕ್ಲಾಸ್ ಬೇಯರ್, ಬ್ರೌನ್ ವಿಶ್ವವಿದ್ಯಾಲಯದ ರಿಚರ್ಡ್ ಪಾರ್ಕರ್ ಮೊದಲಾದ ಈಜಿಪ್ಟ್ ತಜ್ಞರು 1968ರಲ್ಲೇ ಓದಿ ಪ್ರಕಟಿಸಿದರು. ಚಿತ್ರವಿರುವ ಸುರುಳಿ ಥೀಬ್ಸಿನ ಹೋರ್ ಎಂಬ ಪುರೋಹಿತನ ಶವದ ಜೊತೆ ಇಟ್ಟದ್ದು. ಸತ್ತವನಿಗೆ ಪರಲೋಕದಲ್ಲಿ ಮತ್ತೆ ಉಸಿರು ಬರಲಿ ಎಂದು ಬರೆಸುವ 'ಉಸಿರಿನ ಪತ್ರ' ಅದು. ಉಳಿದವುಗಳಲ್ಲಿ ಬಹುಪಾಲು ಬೇರೆಯವರ ಶವದ ಜೊತೆಗಿದ್ದ 'ಮೃತರ ಗ್ರಂಥ'ದ ಚೂರುಗಳು. ಹೋರ್‌ನ ಕಾಲ ಸುಮಾರು ಕ್ರಿಸ್ತಪೂರ್ವ 200. ಸಂಪ್ರದಾಯ ಹೇಳುವ ಅಬ್ರಹಾಮನ ಕಾಲಕ್ಕಿಂತ ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚು ಈಚೆ.

ಮೊದಲ ಚಿತ್ರವನ್ನೇ ನೋಡಿ. ಸಿಂಹದ ಆಕಾರದ ಮಂಚದ ಮೇಲೆ ಒಬ್ಬ ಅಂಗಾತ ಮಲಗಿದ್ದಾನೆ. ಪಕ್ಕದಲ್ಲಿ ಕಪ್ಪು ಮೈಯವನೊಬ್ಬ ನಿಂತಿದ್ದಾನೆ. ಮಂಚದ ಕೆಳಗೆ ನಾಲ್ಕು ಜಾಡಿಗಳು. ಮಲಗಿದವನು ಅಬ್ರಹಾಮ, ನಿಂತವನು ಅವನನ್ನು ಬಲಿ ಕೊಡಲು ಹೊರಟ ವಿಗ್ರಹಾರಾಧಕ ಪೂಜಾರಿ, ಜಾಡಿಗಳು ಎಲ್ಕೇನಾ, ಲಿಬ್ನಾ ಮುಂತಾದ ದೇವರುಗಳು ಎಂಬುದು ಸ್ಮಿತ್ ವಿವರಣೆ. ಈಜಿಪ್ಟಿನ ಗೋರಿ ಚಿತ್ರಗಳನ್ನು ನೋಡಿದವರಿಗೆ ಇದು ಚಿರಪರಿಚಿತ ದೃಶ್ಯ: ಸತ್ತವನನ್ನು ಎಬ್ಬಿಸುತ್ತಿರುವ ಅನೂಬಿಸ್ ದೇವತೆ. ಜಾಡಿಗಳು ಶವದ ಒಳಾಂಗಗಳನ್ನು ಕಾಯುವ ಹೋರಸ್‌ನ ನಾಲ್ವರು ಮಕ್ಕಳು. ಮೂಲ ತುಣುಕಿನಲ್ಲಿ ನಿಂತವನ ತಲೆಯ ಭಾಗ ಹರಿದುಹೋಗಿದೆ. ಅಂಟಿಸಿದ ಕಾಗದದ ಮೇಲೆ ಅಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಮನುಷ್ಯನ ತಲೆ ಗೀಚಿದ್ದಾರೆ. ಅಲ್ಲಿ ಇರಬೇಕಾದದ್ದು ಅನೂಬಿಸ್‌ನ ನರಿಮುಖ ಎನ್ನುತ್ತಾರೆ ತಜ್ಞರು. ಅಚ್ಚಾದ ಚಿತ್ರದಲ್ಲಿ ಮನುಷ್ಯನ ಬೋಳುತಲೆಯಿದೆ, ಕೈಗೆ ಕತ್ತಿಯೂ ಬಂದಿದೆ.

ಮೂರನೆಯ ಚಿತ್ರದಲ್ಲಿ ನುಣುಚಿಕೊಳ್ಳಲು ಜಾಗ ಇನ್ನೂ ಕಡಿಮೆ. ಒಂದು ಆಕೃತಿಗೆ ಸ್ಮಿತ್ 'ಫರೋಹ ರಾಜ, ಹೆಸರು ತಲೆಯ ಮೇಲಿನ ಅಕ್ಷರಗಳಲ್ಲಿದೆ' ಎಂದು ಗುರುತು ಹಾಕಿದ್ದಾರೆ. ತಲೆಯ ಮೇಲೆ ಇರುವುದು ಐಸಿಸ್ ದೇವಿಯ ಹೆಸರು. ಆಕೃತಿ ಉಟ್ಟಿರುವುದೂ ಹೆಂಗಸಿನ ಉಡುಗೆ. ಇಲ್ಲಿ ಸಂಕೇತಾರ್ಥ, ಗೂಢಾರ್ಥ ಎಂದು ಸಾಗಹಾಕಲು ಬರುವುದಿಲ್ಲ. ಈ ಅಕ್ಷರಗಳು ಈ ಹೆಸರನ್ನು ಹೇಳುತ್ತವೆ ಎಂದು ಸ್ಮಿತ್ ಹೇಳಿದ್ದಾರೆ, ಅವು ಹೇಳುತ್ತಿಲ್ಲ.

ಎರಡು ಸಮರ್ಥನೆಗಳು

2013ರಿಂದ 2015ರವರೆಗೆ ಚರ್ಚು ತನ್ನ ಇತಿಹಾಸದ ಮುಜುಗರದ ವಿಷಯಗಳ ಬಗ್ಗೆ ತಾನೇ ಪ್ರಬಂಧಗಳನ್ನು ಹೊರತಂದಿತು. ಇಂಟರ್ನೆಟ್ಟಿನಲ್ಲಿ ಎಲ್ಲವೂ ಸಿಗುತ್ತಿರುವಾಗ ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. 2014ರ ಪ್ರಬಂಧ ನೇರವಾಗಿಯೇ ಒಪ್ಪುತ್ತದೆ: ಉಳಿದಿರುವ ತುಣುಕುಗಳಲ್ಲಿ ಅಬ್ರಹಾಮನ ಹೆಸರಿಲ್ಲ, ಮಾರ್ಮನ್ ತಜ್ಞರೂ ಸೇರಿದಂತೆ ಯಾರ ಓದಿಗೂ ಆ ಅಕ್ಷರಗಳು ಗ್ರಂಥದ ಪಠ್ಯಕ್ಕೆ ಹೊಂದುವುದಿಲ್ಲ. ಒಂದು ಧಾರ್ಮಿಕ ಸಂಸ್ಥೆ ಇಷ್ಟನ್ನು ಬರೆದು ಕೊಡುವುದು ಅಪರೂಪ, ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಒಪ್ಪಿದ ಮೇಲೆ ಪ್ರಬಂಧ ಎರಡು ದಾರಿ ತೋರಿಸುತ್ತದೆ.

ಒಂದು, ಅಬ್ರಹಾಮನ ಪಠ್ಯವಿದ್ದ ಭಾಗ ಕಳೆದುಹೋಗಿರಬಹುದು ಎಂಬುದು. ಮೊದಲ ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ, ಹನ್ನೊಂದು ತುಣುಕು ಇಡೀ ಸಂಗ್ರಹವಲ್ಲವಲ್ಲ. ತೊಡಕು ಎರಡು ಕಡೆಯಿಂದ ಬರುತ್ತದೆ. ಗ್ರಂಥದ ಮೊದಲ ಅಧ್ಯಾಯದಲ್ಲಿ ಅಬ್ರಹಾಮನೇ, ಬಲಿಪೀಠ ಹೇಗಿತ್ತೆಂದು ತಿಳಿಯಲು 'ಈ ದಾಖಲೆಯ ಆರಂಭದಲ್ಲಿರುವ ಚಿತ್ರ' ನೋಡಿ ಎನ್ನುತ್ತಾನೆ. ಆ ಚಿತ್ರ ಸಿಕ್ಕಿದೆ, ಅದರ ಮಗ್ಗುಲಲ್ಲಿ ಇರುವುದು ಹೋರ್‌ನ ಪತ್ರ. ಎರಡನೆಯದು ಸ್ಮಿತ್ ಅವರ ಲಿಪಿಕಾರರ ಹಾಳೆಗಳು. ಅವುಗಳ ಎಡ ಅಂಚಿನಲ್ಲಿ ಒಂದೊಂದಾಗಿ ಈಜಿಪ್ಟ್ ಅಕ್ಷರಗಳು, ಎದುರಿಗೆ ಅಬ್ರಹಾಮನ ಕಥೆಯ ಇಂಗ್ಲಿಷ್ ಪ್ಯಾರಾಗಳು. ಒಂದು ಚಿಕ್ಕ ಅಕ್ಷರದ ಎದುರು ಹತ್ತಾರು ಪದಗಳ ವಾಕ್ಯ. ಅಂಚಿನ ಅಕ್ಷರಗಳನ್ನು ಎತ್ತಿಕೊಂಡಿರುವುದು ಹೋರ್‌ನ ಪತ್ರದಿಂದಲೇ. ಈ ಪತ್ರವನ್ನು ನಾರುಬಟ್ಟೆಯಲ್ಲಿ ಸುತ್ತಿ ಶವದ ಎಡತೋಳಿನ ಕೆಳಗೆ, ಹೃದಯದ ಹತ್ತಿರ ಇಡಿ ಎಂದು ಹೇಳುವ ಸಾಲುಗಳವು. ಲಿಪಿಕಾರರು ಅಕ್ಷರಗಳನ್ನು ಆಮೇಲೆ ತಾವಾಗಿ ಸೇರಿಸಿ ಆಟವಾಡಿರಬಹುದು ಎಂಬುದು ಸಮರ್ಥಕರ ಪ್ರತಿವಾದ.

ಕಳೆದುಹೋದ ಭಾಗ ಎಷ್ಟು ಉದ್ದ ಎಂಬುದನ್ನೂ ಲೆಕ್ಕಹಾಕಲಾಗಿದೆ. ಸುರುಳಿ ಸುತ್ತಿದ ಪ್ಯಾಪಿರಸ್ಸಿಗೆ ಹೊರಗಿನಿಂದ ಪೆಟ್ಟು ಬಿದ್ದರೆ ಪ್ರತಿ ಸುತ್ತಿನಲ್ಲೂ ಅದೇ ಆಕಾರದ ಹರಕು ಮೂಡುತ್ತದೆ. ಬಿಚ್ಚಿದಾಗ ಒಂದು ಹರಕಿನಿಂದ ಇನ್ನೊಂದಕ್ಕಿರುವ ದೂರವೇ ಒಂದು ಸುತ್ತಿನ ಅಳತೆ. ಒಳಕ್ಕೆ ಹೋದಂತೆ ಆ ಅಳತೆ ಎಷ್ಟೆಷ್ಟು ಕಿರಿದಾಗುತ್ತದೆ ಎಂದು ನೋಡಿದರೆ ಎಲ್ಲಿ ಮುಗಿಯುತ್ತದೆಂಬುದೂ ಗೊತ್ತಾಗುತ್ತದೆ. ಮಾರ್ಮನ್ ಈಜಿಪ್ಟ್ ತಜ್ಞ ಜಾನ್ ಗೀ ಈ ರೀತಿಯ ಲೆಕ್ಕದಿಂದ ಹತ್ತು ಮೀಟರಿಗೂ ಮಿಗಿಲಾದ ಉದ್ದ ಕಳೆದುಹೋಗಿದೆ ಎಂದರು. 2010ರಲ್ಲಿ ಆಂಡ್ರ್ಯೂ ಕುಕ್ ಮತ್ತು ಕ್ರಿಸ್ಟೋಫರ್ ಸ್ಮಿತ್ ಹರಕುಗಳನ್ನು ಹೊಸದಾಗಿ ಅಳೆದು, ಒಳಸುರುಳಿಯಲ್ಲಿ ಉಳಿಯುವುದು ಸುಮಾರು 56 ಸೆಂಟಿಮೀಟರ್ ಎಂದರು. ಅದು ಉಸಿರಿನ ಪತ್ರದ ಬಾಕಿ ಭಾಗಕ್ಕೆ ಸರಿಹೋದೀತು, ಇನ್ನೊಂದು ಗ್ರಂಥಕ್ಕೆ ಜಾಗವಿಲ್ಲ.

ಆದ್ದರಿಂದಲೇ ಈಚೆಗೆ ಎರಡನೆಯ ದಾರಿಗೆ ಜನ ಹೆಚ್ಚುತ್ತಿದ್ದಾರೆ: ಪ್ಯಾಪಿರಸ್ ನೆಪ ಮಾತ್ರ, ಅದನ್ನು ನೋಡಿದಾಗ ಸ್ಮಿತ್ ಅವರಿಗೆ ದೈವಪ್ರೇರಣೆ ಬಂದಿತು, ಬರೆಸಿದ್ದು ಆ ಪ್ರೇರಣೆಯನ್ನು. ಇದನ್ನು ಯಾವ ಪ್ರಯೋಗಾಲಯವೂ ಅಲ್ಲಗಳೆಯಲಾರದು. ಅದರ ಬಲವೂ ಅದೇ, ಬೆಲೆಯೂ ಅದೇ. ಏಕೆಂದರೆ 1835ರಲ್ಲಿ ಸ್ಮಿತ್ ಅನುವಾದ ಎಂದದ್ದು ಅನುವಾದ ಎಂಬ ಅರ್ಥದಲ್ಲೇ. ಅವರು ಈಜಿಪ್ಟ್ ಭಾಷೆಗೆ ಅಕ್ಷರಮಾಲೆ, ವ್ಯಾಕರಣದ ಪುಸ್ತಕ ಮಾಡಲೂ ಹೊರಟಿದ್ದರು. ದೈವಪ್ರೇರಣೆಗೆ ವ್ಯಾಕರಣವೇಕೆ ಬೇಕಿತ್ತು?

ಹಿತ್ತಾಳೆಯ ಒಂದು ಪ್ರಸಂಗವನ್ನೂ ಇಲ್ಲಿ ಹೇಳಬೇಕು. 1843ರಲ್ಲಿ ಇಲಿನಾಯ್‌ನ ಕಿಂಡರ್‌ಹುಕ್ ಊರಿನವರು ಆರು ಹಿತ್ತಾಳೆ ತಗಡುಗಳನ್ನು ಆಮ್ಲದಲ್ಲಿ ಕೆತ್ತಿ, ಹೂತು, ಎಲ್ಲರ ಮುಂದೆ ಅಗೆದು ತೆಗೆದರು. ಸ್ಮಿತ್ ಒಂದು ಭಾಗವನ್ನು ಅನುವಾದಿಸಿದ್ದಾರೆ, ಅದು ಫರೋಹನ ವಂಶದವನೊಬ್ಬನ ಚರಿತ್ರೆ ಎಂದು ಅವರ ಕಾರ್ಯದರ್ಶಿ ವಿಲಿಯಂ ಕ್ಲೇಟನ್ ದಿನಚರಿಯಲ್ಲಿ ಬರೆದಿಟ್ಟರು. ಉಳಿದಿದ್ದ ಒಂದು ತಗಡನ್ನು 1980ರಲ್ಲಿ ಲೋಹಪರೀಕ್ಷೆ ಮಾಡಿದಾಗ ಹತ್ತೊಂಬತ್ತನೆಯ ಶತಮಾನದ ತಯಾರಿಕೆ ಎಂದು ಖಚಿತವಾಯಿತು. ಸ್ಮಿತ್ ಆ ಕೆಲಸವನ್ನು ಮುಂದುವರಿಸಲಿಲ್ಲ, ಪ್ರಕಟಿಸಲೂ ಇಲ್ಲ ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.

ಕೈಬಿಡುವುದು ಏಕೆ ಕಷ್ಟ

ಇಷ್ಟೆಲ್ಲ ಆದ ಮೇಲೂ ಅಬ್ರಹಾಮನ ಗ್ರಂಥವನ್ನು ಪಕ್ಕಕ್ಕಿಡಬಾರದೇಕೆ ಎಂದು ಹೊರಗಿನವರಿಗೆ ಅನಿಸುವುದು ಸಹಜ. ಸ್ಮಿತ್ ಪರಂಪರೆಯ ಇನ್ನೊಂದು ಶಾಖೆಯಾದ ಕಮ್ಯೂನಿಟಿ ಆಫ್ ಕ್ರೈಸ್ಟ್ ಅದನ್ನು ಪವಿತ್ರ ಗ್ರಂಥವೆಂದು ಒಪ್ಪಿಯೇ ಇಲ್ಲ, ಅದರ ಬಾಳು ನಡೆದಿದೆ. ಸಾಲ್ಟ್ ಲೇಕ್ ಚರ್ಚಿಗೆ ಮಾತ್ರ ಹುಟ್ಟುವ ಮುಂಚೆಯೇ ಆತ್ಮಗಳಿದ್ದವು ಎಂಬ ನಂಬಿಕೆ, 'ದೇವರುಗಳು' ಸೇರಿ ಲೋಕವನ್ನು ರೂಪಿಸಿದರೆಂಬ ಬಹುವಚನದ ಸೃಷ್ಟಿಕಥೆ ಇವುಗಳಿಗೆ ಗಟ್ಟಿ ಆಧಾರ ಈ ಪುಟಗಳಲ್ಲಿದೆ. ದೇವಾಲಯದೊಳಗಿನ ವಿಧಿಗಳಿಗೂ ಆ ಚಿಂತನೆಗೂ ಹತ್ತಿರದ ನಂಟು. ಒಂದು ಕಲ್ಲು ಎಳೆದರೆ ಗೋಡೆಯ ಎಷ್ಟು ಭಾಗ ಕುಸಿಯುತ್ತದೆಂದು ಯಾರೂ ಲೆಕ್ಕ ಕೊಡಲಾರರು.

ಅದೇ ಪುಟಗಳು ನೋವನ್ನೂ ತಂದಿವೆ. ಫರೋಹನ ವಂಶಕ್ಕೆ ಪೌರೋಹಿತ್ಯದ ವಿಷಯದಲ್ಲಿ ಶಾಪವಿದೆ ಎಂಬ ಅಬ್ರಹಾಮನ ಗ್ರಂಥದ ಮಾತನ್ನು ಕಪ್ಪುಜನರನ್ನು ಹೊರಗಿಡಲು ಬಳಸಲಾಯಿತು. 1978ರ ಜೂನ್‌ವರೆಗೆ ಕಪ್ಪು ಗಂಡಸರಿಗೆ ಪೌರೋಹಿತ್ಯವಿರಲಿಲ್ಲ. ಕಪ್ಪುಬಣ್ಣ ಶಾಪದ ಗುರುತು ಎಂಬ ಸಮರ್ಥನೆಗಳನ್ನು ಚರ್ಚು ಈಗ ತಳ್ಳಿಹಾಕಿದೆ. ಆ ವಾಕ್ಯಗಳು ಗ್ರಂಥದಲ್ಲಿ ಹಾಗೇ ಉಳಿದಿವೆ.

ಮುಂದೇನು? 2024ರ ಕೊನೆಗೆ ಸುಮಾರು 1.75 ಕೋಟಿ ಸದಸ್ಯರನ್ನು ಲೆಕ್ಕ ತೋರಿಸಿದ ಸಂಸ್ಥೆ ಒಂದು ಪ್ಯಾಪಿರಸ್ಸಿನಿಂದ ಬೀಳುವುದಿಲ್ಲ. ದಾಖಲೆಗಳಿಗೆ ಬೆನ್ನು ತಿರುಗಿಸುವ ಲಕ್ಷಣವೂ ಇಲ್ಲ: ಬುಕ್ ಆಫ್ ಮಾರ್ಮನ್ ಅಚ್ಚು ಮಾಡಲು ಮುದ್ರಕರಿಗೆ ಕೊಟ್ಟಿದ್ದ ಹಸ್ತಪ್ರತಿಯನ್ನು ಅದು 2017ರಲ್ಲಿ 3.5 ಕೋಟಿ ಡಾಲರ್ ಕೊಟ್ಟು ಕೊಂಡಿತು, ಪ್ಯಾಪಿರಸ್‌ಗಳ ಮತ್ತು ಲಿಪಿಕಾರರ ಹಾಳೆಗಳ ಚಿತ್ರಗಳನ್ನು 2018ರಲ್ಲಿ ತಾನೇ ಸಂಪುಟವಾಗಿ ಪ್ರಕಟಿಸಿತು. ಬದಲಾವಣೆ ನಡೆಯುತ್ತಿರುವುದು ಸದ್ದಿಲ್ಲದೆ, ಪೀಠಿಕೆಗಳಲ್ಲಿ. 1981ರ ಆವೃತ್ತಿಯ ಪೀಠಿಕೆ ಅಬ್ರಹಾಮನ ಗ್ರಂಥವನ್ನು 'ಈಜಿಪ್ಟಿನ ಕೆಲವು ಪ್ಯಾಪಿರಸ್‌ಗಳಿಂದ ಮಾಡಿದ ಅನುವಾದ' ಎಂದಿತ್ತು. 2013ರ ಆವೃತ್ತಿಯಲ್ಲಿ ಅದು 'ಅಬ್ರಹಾಮನ ಬರಹಗಳ ಪ್ರೇರಿತ ಅನುವಾದ' ಆಗಿದೆ. ಪ್ಯಾಪಿರಸ್ ಸಿಕ್ಕ ಮೇಲೆ ಸ್ಮಿತ್ ಆ ಕೆಲಸ ಶುರುಮಾಡಿದರು ಎಂದಷ್ಟೇ ಇದೆ, ಅದರಿಂದ ಅನುವಾದಿಸಿದರು ಎಂದಿಲ್ಲ. ಕೆಲವು ಪುಟ ತಿರುವಿದರೆ ಗ್ರಂಥದ ನೆತ್ತಿಯ ಮೇಲೆ 1842ರ ತಲೆಬರಹ ಈಗಲೂ ಅಚ್ಚಾಗುತ್ತಿದೆ: ಅಬ್ರಹಾಮನು ಸ್ವಹಸ್ತದಿಂದ, ಪ್ಯಾಪಿರಸ್ ಮೇಲೆ ಬರೆದದ್ದು.